ಅಳಿಸಿದ ಫೈಲು ಎಲ್ಲಿಗೆ ಹೋಗುತ್ತದೆ?

ನಾಸಿಕ್ ಪಕ್ಕದ ಓಝರ್‌ನಲ್ಲಿ 1964ರಲ್ಲಿ ಹುಟ್ಟಿದ ಎಚ್‌ಎಎಲ್ ವಿಮಾನ ಕಾರ್ಖಾನೆಯಿದೆ. ಮಿಗ್-21, ಸುಖೋಯ್-30 ತಯಾರಾದದ್ದು ಇಲ್ಲೇ. ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರುವುದರಿಂದ ಇಲ್ಲಿ ಕನ್ನಡ ಮಾತು ಅಪರಿಚಿತವಲ್ಲ. ಹೀಗೆ ನೌಕರಿಗಾಗಿ ಊರು ಬಿಟ್ಟು ಬಂದವರಿಗೆ ಊರಿನ ಜಾತ್ರೆ, ತಂಗಿಯ ಮದುವೆ, ತೀರಿಕೊಂಡ ಅಜ್ಜಿಯ ದನಿ ಎಲ್ಲವೂ ಈಗ ಉಳಿದಿರುವುದು ಫೋಟೊ-ವಿಡಿಯೊಗಳಲ್ಲಿ. ಅವನ್ನು ಒಂದೆಡೆ ಕೂಡಿಡಲು ಹಲವರು ವೈಫೈ ರೂಟರ್‌ಗೆ ಜೋಡಿಸಿದ ಬ್ಯಾಕಪ್ ಡ್ರೈವ್ ಬಳಸುತ್ತಾರೆ.

ಅದರೊಳಗಿನ ಫೋಲ್ಡರನ್ನು ಲ್ಯಾಪ್‌ಟಾಪಿನಿಂದ ಅಳಿಸಿದರೆ, ಅದು ಲ್ಯಾಪ್‌ಟಾಪಿನ ರೀಸೈಕಲ್ ಬಿನ್‌ಗೆ ಬರುವುದಿಲ್ಲ. ಅಳಿಸುವ ಕೆಲಸ ಮಾಡಿದ್ದು ಡ್ರೈವಿನೊಳಗಿನ ಪುಟ್ಟ ಕಂಪ್ಯೂಟರು. ಅದಕ್ಕೂ ತನ್ನದೇ ಕಸದಬುಟ್ಟಿ ಇರಬಹುದು; ಸೈನಾಲಜಿ, ಕ್ಯೂನ್ಯಾಪ್ ಸಾಧನಗಳಲ್ಲಿ 'ರೀಸೈಕಲ್' ಎಂಬ ಫೋಲ್ಡರಾಗಿ ಕಾಣುತ್ತದೆ. ಮೊದಲು ನೋಡಬೇಕಾದದ್ದು ಅಲ್ಲಿ.

ಅಲ್ಲೂ ಇಲ್ಲವೆಂದರೆ?

ಪಹಣಿಯಲ್ಲಿ ಹೆಸರು ಹೊಡೆದುಹಾಕಿದರೆ ದ್ರಾಕ್ಷಿ ತೋಟವೇನೂ ಮಾಯವಾಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಆಗುವುದೂ ಬಹುಮಟ್ಟಿಗೆ ಅಷ್ಟೇ. ಇಂಥ ಸಾಧನಗಳಲ್ಲಿ ಹೆಚ್ಚಾಗಿ ಲಿನಕ್ಸ್ ಮತ್ತು ಅದರ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇರುತ್ತದೆ. ಇಎಕ್ಸ್‌ಟಿ4ನಲ್ಲಿ ಅಳಿಸಿದಾಗ ಫೈಲು ಎಲ್ಲೆಲ್ಲಿದೆ ಎಂಬ ವಿಳಾಸ ಹೋಗುತ್ತದೆ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಚಿತ್ರದ ಬಿಟ್‌ಗಳು ಇದ್ದಲ್ಲೇ ಇರುತ್ತವೆ, ಅವುಗಳ ಮೇಲೆ ಬೇರೇನೋ ಬರೆಯುವವರೆಗೆ.

ಅಪಾಯವಿರುವುದು ಈ ಕೊನೆಯ ಮಾತಿನಲ್ಲಿ. ಬ್ಯಾಕಪ್ ಡ್ರೈವ್ ಸುಮ್ಮನಿರುವ ಜಾತಿಯದಲ್ಲ. ಮನೆಯ ಫೋನುಗಳೆಲ್ಲ ಅದಕ್ಕೆ ಹೊಸ ಫೋಟೊ ಕಳಿಸುತ್ತಲೇ ಇರುತ್ತವೆ. ಆದ್ದರಿಂದ ತಪ್ಪು ಗೊತ್ತಾದ ಕೂಡಲೇ ಅದನ್ನು ಕ್ರಮಬದ್ಧವಾಗಿ ಆಫ್ ಮಾಡಬೇಕು. ಒಳಗಿರುವುದು ಎಸ್‌ಎಸ್‌ಡಿ ಆಗಿದ್ದರೆ ಆಸೆ ಕಡಿಮೆ: 'ಟ್ರಿಮ್' ಆದೇಶ ಸಿಕ್ಕ ಮೇಲೆ ಅದು ಖಾಲಿ ಜಾಗವನ್ನು ತಾನೇ ಒರೆಸಿಹಾಕುತ್ತದೆ.

ಮುಂದೆ ಡಿಸ್ಕನ್ನು ಹೊರತೆಗೆದು, ಬಿಟ್ಟಿಗೆ ಬಿಟ್ಟು ಸೇರಿಸಿ ಇನ್ನೊಂದು ಡಿಸ್ಕಿಗೆ ಪಡಿಯಚ್ಚು ಇಳಿಸಿ, ಹುಡುಕಾಟವನ್ನು ಆ ಪಡಿಯಚ್ಚಿನ ಮೇಲಷ್ಟೇ ನಡೆಸಬೇಕು. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ ತಂತ್ರಾಂಶ ಫೋಟೊರೆಕ್ ವಿಳಾಸಗಳನ್ನು ಕೇಳುವುದೇ ಇಲ್ಲ. ಜೆಪೆಗ್ ಚಿತ್ರ ಯಾವಾಗಲೂ ಎಫ್‌ಎಫ್ ಡಿ8 ಎಂಬ ಬೈಟ್‌ಗಳಿಂದ ಶುರುವಾಗುತ್ತದೆ. ಆ ಗುರುತು ಸಿಕ್ಕಲ್ಲೆಲ್ಲ ಫೋಟೊರೆಕ್ ಒಂದೊಂದು ಚಿತ್ರವನ್ನು ಎತ್ತಿಕೊಡುತ್ತದೆ. ಹೆಸರು, ಫೋಲ್ಡರು ಮರಳುವುದಿಲ್ಲ. ಚೂರುಚೂರಾಗಿ ಹಂಚಿಹೋದ ದೊಡ್ಡ ವಿಡಿಯೊಗಳು ಸಾಮಾನ್ಯವಾಗಿ ಪೂರ್ತಿ ಸಿಗುವುದಿಲ್ಲ.

ಡಿಸ್ಕಿನಲ್ಲಿ ದತ್ತಾಂಶ ಹೀಗೆ ಚೂರಾಗದೆ ಒಂದೇ ಕಡೆ ಇದ್ದರೆ ಎಷ್ಟು ಅನುಕೂಲ ಎಂಬುದಕ್ಕೆ ಒಂದು ದಾರುಣ ನಿದರ್ಶನವಿದೆ. 2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿಪಡೆದ ಕೊಲಂಬಿಯಾ ಬಾಹ್ಯಾಕಾಶ ನೌಕೆ ದುರಂತದ ಅವಶೇಷಗಳಲ್ಲಿ ಸುಟ್ಟು ಕರಕಲಾದ ಹಾರ್ಡ್ ಡಿಸ್ಕೊಂದು ಸಿಕ್ಕಿತು. ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ತಜ್ಞರು ಅದರಿಂದ ಸುಮಾರು ಶೇ 99ರಷ್ಟು ದತ್ತಾಂಶ ಹೊರತೆಗೆದರು. ಅದರಲ್ಲಿದ್ದದ್ದು ನೌಕೆಯಲ್ಲಿ ನಡೆದ ಕ್ಸೆನಾನ್ ಅನಿಲದ ಪ್ರಯೋಗವೊಂದರ ದತ್ತಾಂಶ; ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಹಳೆಯ ಡಾಸ್ ವ್ಯವಸ್ಥೆ ದತ್ತಾಂಶವನ್ನು ಡಿಸ್ಕಿನ ತುಂಬ ಚದುರಿಸದೆ ಇಟ್ಟದ್ದು ಅವರ ನೆರವಿಗೆ ಬಂದಿತ್ತು.

ಒಂದೇ ದತ್ತಾಂಶವನ್ನು ಎರಡು ಡಿಸ್ಕಿಗೂ ಬರೆಯುವ 'ಮಿರರ್' ಇದ್ದರೆ ಚಿಂತೆಯಿಲ್ಲ ಎಂದು ನಂಬಿದವರು ಬಹಳ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಆದರೆ ಅಳಿಸಿದ್ದು ಅದೇ ಕ್ಷಣ ಎರಡರಲ್ಲೂ ಅಳಿಯುತ್ತದೆ. ಅಳಿಸುವವರು ನಾವೇ ಆಗಬೇಕೆಂದೂ ಇಲ್ಲ: 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಹಳೆಯ 'ಮೈ ಬುಕ್ ಲೈವ್' ಡ್ರೈವ್‌ಗಳನ್ನು ಯಾರೋ ಅಂತರ್ಜಾಲದ ಮೂಲಕವೇ ಖಾಲಿ ಮಾಡಿದರು. ಎಲ್ಲವನ್ನೂ ಅಳಿಸುವ ಆದೇಶ ಪಾಸ್‌ವರ್ಡ್ ಕೇಳದಂತೆ ತಂತ್ರಾಂಶದಲ್ಲಿ ದೋಷ ಉಳಿದಿತ್ತು. ತೊಂದರೆಗೊಳಗಾದವರಿಗೆ ಕಂಪನಿ ದತ್ತಾಂಶ ಮರುಪಡೆಯುವ ಸೇವೆ ಒದಗಿಸಬೇಕಾಯಿತು.

ಕೈತಪ್ಪಿ ಅಳಿಸುವುದಕ್ಕೆ ಸುಲಭದ ಕಾವಲೆಂದರೆ ಬಿಟಿಆರ್‌ಎಫ್‌ಎಸ್‌ನ 'ಸ್ನ್ಯಾಪ್‌ಶಾಟ್'. ಹಳೆಯದರ ಮೇಲೆ ಬರೆಯದೆ ಬದಲಾವಣೆಯನ್ನು ಹೊಸ ಜಾಗದಲ್ಲಿ ಬರೆಯುವುದು ಅದರ ಕ್ರಮ. ಹಾಗಾಗಿ ನಿನ್ನೆಯ ಸ್ಥಿತಿ ಹೆಚ್ಚು ಜಾಗ ತಿನ್ನದೆ ಹಾಗೇ ಉಳಿಯುತ್ತದೆ. ದಿನಕ್ಕೊಂದು ಸ್ನ್ಯಾಪ್‌ಶಾಟ್, ಜೊತೆಗೆ ಬಳಸದಾಗ ಬಿಚ್ಚಿ ಬೀರುವಿನಲ್ಲಿಡುವ ಒಂದು ಯುಎಸ್‌ಬಿ ಡಿಸ್ಕ್, ಸಾಧ್ಯವಾದರೆ ಇನ್ನೊಂದು ಪ್ರತಿ ಊರಿನ ಮನೆಯಲ್ಲಿ. ಸ್ನ್ಯಾಪ್‌ಶಾಟ್ ಸೌಲಭ್ಯವನ್ನು ಹಲವು ಸಾಧನಗಳಲ್ಲಿ ನಾವೇ ಆನ್ ಮಾಡಿಕೊಳ್ಳಬೇಕು.