ಮಾತುಕತೆಯ ನಡುವೆ ಕಾರ್ಮಿಕರಿಗೆ ನೇರ ಪತ್ರ: ಆಡಳಿತ ವರ್ಗಕ್ಕೆ ಅಧಿಕಾರವಿದೆಯೇ?

ವೇತನ ಒಪ್ಪಂದದ ಅವಧಿ ಮುಗಿದಿದೆ. ಕಾರ್ಮಿಕ ಸಂಘದ ಪದಾಧಿಕಾರಿಗಳೊಡನೆ ಮಾತುಕತೆ ಸಾಗಿದೆ. ಅಷ್ಟರಲ್ಲಿ ಪ್ರತಿಯೊಬ್ಬ ಕಾರ್ಮಿಕನ ಮನೆಗೂ ಆಡಳಿತ ವರ್ಗದ ಪತ್ರವೊಂದು ಬರುತ್ತದೆ: ‘ನಾವು ಕೊಡಲು ಸಿದ್ಧರಿರುವುದು ಇಷ್ಟು, ನಿಮ್ಮ ನಾಯಕರು ಒಪ್ಪುತ್ತಿಲ್ಲ.’ ಇದು ಕೇವಲ ಮಾಹಿತಿಯೋ ಅಥವಾ ಸಂಘವನ್ನು ಬದಿಗೊತ್ತುವ ಉಪಾಯವೋ? ಅಮೆರಿಕದ ನ್ಯಾಯಾಲಯಗಳು ಈ ಪ್ರಶ್ನೆಯನ್ನು ದಶಕಗಳ ಹಿಂದೆಯೇ ಎದುರಿಸಿವೆ.

ಮಾತು ಬೇರೆ, ಚೌಕಾಸಿ ಬೇರೆ

ಅಮೆರಿಕದ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯ ಪ್ರಕಾರ, ಬಹುಮತ ಪಡೆದ ಸಂಘವೇ ಆ ಘಟಕದ ಎಲ್ಲ ಕಾರ್ಮಿಕರ ಏಕೈಕ ಪ್ರತಿನಿಧಿ. ಮಾಲೀಕರು ಅದರೊಡನೆಯೇ ಸದ್ಭಾವನೆಯಿಂದ ಚೌಕಾಸಿ ನಡೆಸಬೇಕು. ಸಂಘವನ್ನು ಬಿಟ್ಟು ಕಾರ್ಮಿಕರೊಡನೆ ನೇರವಾಗಿ ವೇತನ ಕುದುರಿಸಿಕೊಳ್ಳುವುದು ಕಾನೂನುಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1944ರ ಮೆಡೊ ಫೋಟೋ ಸಪ್ಲೈ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಲಿ ಕಾರ್ಮಿಕರೇ ಮುಂದಾಗಿ ಮಾಲೀಕರ ಬಳಿಗೆ ಹೋಗಿದ್ದರು. ಆದರೂ ತೀರ್ಪು ಬದಲಾಗಲಿಲ್ಲ.

1947ರ ಟಾಫ್ಟ್-ಹಾರ್ಟ್ಲಿ ತಿದ್ದುಪಡಿ ಇನ್ನೊಂದು ಬದಿಯನ್ನು ಸ್ಪಷ್ಟಪಡಿಸಿತು. ಬೆದರಿಕೆಯಾಗಲಿ ಆಮಿಷವಾಗಲಿ ಇಲ್ಲದಿದ್ದರೆ, ಮಾಲೀಕರು ತಮ್ಮ ಅಭಿಪ್ರಾಯವನ್ನು ಹೇಳುವುದು ತಪ್ಪಲ್ಲ. ಹೀಗಾಗಿ, ಸಂಘದ ಮುಂದಿಟ್ಟ ಪ್ರಸ್ತಾವವನ್ನೇ ಕಾರ್ಮಿಕರಿಗೂ ವಿವರಿಸಬಹುದು. ಸಂಘಕ್ಕೆ ನೀಡದ ಪ್ರಸ್ತಾವವನ್ನು ಅವರ ಮುಂದಿಟ್ಟು ಒಪ್ಪಿಗೆ ಕೇಳುವಂತಿಲ್ಲ.

ಜನರಲ್ ಎಲೆಕ್ಟ್ರಿಕ್ ಪಾಠ

ಈ ಗೆರೆಯನ್ನು ಪರೀಕ್ಷೆಗೆ ಒಡ್ಡಿದ್ದು ಜನರಲ್ ಎಲೆಕ್ಟ್ರಿಕ್ ಕಂಪನಿ. 1946ರ ಮುಷ್ಕರದಲ್ಲಿ ಹಿನ್ನಡೆ ಕಂಡ ಬಳಿಕ ಅದರ ಉಪಾಧ್ಯಕ್ಷ ಲೆಮುಯೆಲ್ ಬೂಲ್ವೇರ್ ಹೊಸ ವಿಧಾನವೊಂದನ್ನು ರೂಪಿಸಿದರು. ಕಂಪನಿಯೇ ಅಧ್ಯಯನ ನಡೆಸಿ ‘ನ್ಯಾಯಯುತ ಹಾಗೂ ದೃಢ’ ಪ್ರಸ್ತಾವವನ್ನು ಸಿದ್ಧಪಡಿಸುವುದು, ಅದನ್ನು ಕಾರ್ಮಿಕರಲ್ಲಿ ವ್ಯಾಪಕವಾಗಿ ಪ್ರಚಾರ ಮಾಡುವುದು, ಹೊಸ ಮಾಹಿತಿ ದೊರೆಯದ ಹೊರತು ಕದಲದಿರುವುದು ಅದರ ತಿರುಳು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಆ ವರ್ಷಗಳಲ್ಲಿ ಇದೇ ಕಂಪನಿಯ ಪರವಾಗಿ ಕಾರ್ಖಾನೆಗಳಲ್ಲಿ ಭಾಷಣ ಮಾಡುತ್ತಿದ್ದರು.

1960ರ ಮಾತುಕತೆಯಲ್ಲಿ ಕಂಪನಿ ನಡೆದುಕೊಂಡ ರೀತಿ ಸದ್ಭಾವನೆಯದಲ್ಲವೆಂದು ಕಾರ್ಮಿಕ ಸಂಬಂಧಗಳ ಮಂಡಳಿ 1964ರಲ್ಲಿ ನಿರ್ಣಯಿಸಿತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪತ್ರ ಬರೆದದ್ದೇ ಅಪರಾಧವೆಂದು ನ್ಯಾಯಾಲಯ ಹೇಳಲಿಲ್ಲ. ಆದರೆ ‘ಇಷ್ಟವಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಡಿ’ ಎಂಬ ಧೋರಣೆಯೂ ಹಿಂದೆ ಸರಿಯಲಾಗದಂಥ ಪ್ರಚಾರವೂ ಒಂದುಗೂಡಿದಾಗ ಮಾತುಕತೆಯ ಮೇಜು ಬರಿಯ ನಾಟಕವಾಗುತ್ತದೆ ಎಂಬುದು ತೀರ್ಪಿನ ಸಾರ.

ನಮ್ಮಲ್ಲಿ

ಭಾರತದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಐದನೇ ಅನುಸೂಚಿಯು, ಮಾನ್ಯತೆ ಪಡೆದ ಸಂಘದೊಡನೆ ಸದ್ಭಾವನೆಯಿಂದ ಚೌಕಾಸಿ ನಡೆಸಲು ನಿರಾಕರಿಸುವುದನ್ನು ಅನುಚಿತ ಕಾರ್ಮಿಕ ಪದ್ಧತಿಯೆಂದು ಪರಿಗಣಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅನುಚಿತ ಪದ್ಧತಿಗಳ ನಿಷೇಧವಿದೆ. ಹಲವು ಸಂಘಗಳಿರುವೆಡೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಅಧಿಕಾರವನ್ನು ಅದು ನೀಡುತ್ತದೆ. ಅಂಥ ಸಂಘವಿಲ್ಲದಿದ್ದರೆ ಮಾತುಕತೆ ಮಂಡಳಿ ರಚನೆಯಾಗಬೇಕು.

ಕನ್ನಡಿಗರಿಗೆ ಬಿಡದಿಯ ನೆನಪಿರಬಹುದು. 2014ರ ಮಾರ್ಚ್‌ನಲ್ಲಿ ವೇತನ ಮಾತುಕತೆ ಮುರಿದುಬಿದ್ದು ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲಾಕೌಟ್ ಘೋಷಣೆಯಾಯಿತು. ಅದು ತೆರವಾದಾಗ, ಕೆಲಸಕ್ಕೆ ಮರಳುವ ಕಾರ್ಮಿಕರು ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಬೇಕೆಂದು ಆಡಳಿತ ವರ್ಗ ಷರತ್ತು ಒಡ್ಡಿತು. ಸಂಘ ಅದನ್ನು ವಿರೋಧಿಸಿತು. ಸಾಮೂಹಿಕವಾಗಿ ಆರಂಭವಾದ ವಿವಾದ ಒಬ್ಬೊಬ್ಬ ಕಾರ್ಮಿಕನ ಸಹಿಯ ಪ್ರಶ್ನೆಯಾಗಿ ಬದಲಾದುದು ಹೀಗೆ.

ಆದುದರಿಂದ ಪತ್ರ ಕೈಸೇರಿದಾಗ ಕಾರ್ಮಿಕನು ನೋಡಬೇಕಾದದ್ದು ಮೂರು ಸಂಗತಿ: ಈ ಪ್ರಸ್ತಾವ ಸಂಘದ ಮುಂದೆಯೂ ಇದೆಯೇ? ಇದರಲ್ಲಿ ಬೆದರಿಕೆ ಅಥವಾ ಆಮಿಷವಿದೆಯೇ? ತನ್ನಿಂದ ಪ್ರತ್ಯೇಕ ಸಹಿಯನ್ನು ಕೇಳಲಾಗಿದೆಯೇ? ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಸಹಿ ಹಾಕುವ ಮುನ್ನ ಸಂಘದ ಕಚೇರಿಗೆ ಹೋಗಿ ವಿಚಾರಿಸುವುದು ವಿವೇಕ.