ಜೆಟ್ ಎಂಜಿನ್ನಿನ ಆಯುಷ್ಯವನ್ನು ಅಳೆಯುವ ಬಗೆ

ಉದ್ಯೋಗಕ್ಕೆಂದು, ವಿದ್ಯೆಗೆಂದು ನಮ್ಮ ಮನೆಗಳ ಮಕ್ಕಳು ವಿಮಾನವೇರಿ ದೂರದೇಶಗಳಿಗೆ ಹೋಗುವುದು ಈಗ ಸಾಮಾನ್ಯವಾಗಿದೆ. ರೆಕ್ಕೆಯಡಿಯಲ್ಲಿ ಮೊರೆಯುವ ಆ ಎಂಜಿನ್ನನ್ನು ಪೂರ್ತಿಯಾಗಿ ಬಿಚ್ಚಿ ನೋಡಿ ಎಷ್ಟು ಕಾಲವಾಯಿತೆಂದು ವಿಚಾರಿಸಿದರೆ, ಎಂಟು ವರ್ಷಗಳಾದವೆಂಬ ಉತ್ತರವೂ ಬರಬಹುದು. ಇದು ಅಲಕ್ಷ್ಯವಲ್ಲ, ದೀರ್ಘ ಅನುಭವದಿಂದ ರೂಪುಗೊಂಡ ಪದ್ಧತಿ.

ಮೊದಲ ಜೆಟ್ ಎಂಜಿನ್ನುಗಳು ಅಲ್ಪಾಯುಗಳಾಗಿದ್ದವು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ಮೆಸರ್‌ಸ್ಮಿಟ್ 262 ಯುದ್ಧವಿಮಾನವನ್ನು ಹಾರಿಸಿದ ಯುಂಕರ್ಸ್ ಎಂಜಿನ್ 10ರಿಂದ 25 ಗಂಟೆ ನಡೆಯುವಷ್ಟರಲ್ಲಿ ಬಿಚ್ಚಬೇಕಾಗುತ್ತಿತ್ತು. ಬೆಂಕಿಯನ್ನು ತಾಳುವ ನಿಕ್ಕಲ್, ಕೋಬಾಲ್ಟ್ ಲೋಹಗಳಿಗೆ ಆಗ ಆ ದೇಶದಲ್ಲಿ ಬರ ಬಂದಿತ್ತು. ಇಂದು ಬೋಯಿಂಗ್ 737 ವಿಮಾನಗಳಲ್ಲಿ ದುಡಿಯುತ್ತಿರುವ ಸಿಎಫ್‌ಎಂ 56 ಎಂಜಿನ್ ಮೊದಲ ಸಲ ಕಾರ್ಖಾನೆಗೆ ಮರಳುವುದು ಸರಾಸರಿ 30,000 ಗಂಟೆಗಳ ಬಳಿಕ. ದಿನಕ್ಕೆ 10 ಗಂಟೆಯಂತೆ ಹಾರಿದರೂ ಇದು ಎಂಟು ವರ್ಷಗಳ ದುಡಿಮೆ. 50,000 ಗಂಟೆ ಮುಟ್ಟಿದ ಎಂಜಿನ್ನೂ ಉಂಟು.

ಇದರ ಹಿಂದಿರುವುದು ಲೋಹವಿದ್ಯೆಯ ಸಾಧನೆ. ಟರ್ಬೈನಿನ ಅಲಗುಗಳ ಮೇಲೆ ಬೀಸುವ ಅನಿಲದ ಬಿಸಿಯು ಆ ಲೋಹವೇ ಕರಗುವ ಮಟ್ಟವನ್ನು ಮೀರಿರುತ್ತದೆ. ಆದುದರಿಂದ ಅಲಗಿನ ಒಳಗೆ ಟೊಳ್ಳು ಮಾಡಿ, ಸಣ್ಣ ರಂಧ್ರಗಳ ಮೂಲಕ ಗಾಳಿ ಹಾಯಿಸಿ ಅದನ್ನು ತಣಿಸುತ್ತಾರೆ. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುವ ವಿಧಾನವೂ 1980ರ ದಶಕದಲ್ಲಿ ಪ್ರಯಾಣಿಕ ವಿಮಾನಗಳಿಗೆ ಬಂದಿತು.

ಹಿಂದೆ ಗೊತ್ತುಪಡಿಸಿದ ಗಂಟೆಗಳು ತುಂಬಿದೊಡನೆ, ಎಂಜಿನ್ ಚೆನ್ನಾಗಿಯೇ ಇದ್ದರೂ ಅದನ್ನು ಇಳಿಸಿ ಓವರ್‌ಹಾಲ್ ಮಾಡುತ್ತಿದ್ದರು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಯ ನೋಲನ್ ಮತ್ತು ಹೀಪ್ 1978ರಲ್ಲಿ ಹೊರತಂದ ವರದಿ, ಜಟಿಲವಾದ ಯಂತ್ರಗಳಲ್ಲಿ ಇಂಥ ಅವಧಿಬದ್ಧ ಬಿಚ್ಚುವಿಕೆಯಿಂದ ಭರವಸೆ ಹೆಚ್ಚುವುದು ಅಪರೂಪವೆಂದು ತೋರಿಸಿತು. ಈಗ ಎಂಜಿನ್ನಿನ ಸ್ಥಿತಿಯನ್ನು ನೋಡಿ ನಿರ್ಧರಿಸುತ್ತಾರೆ. ಸವೆದ ಎಂಜಿನ್ ಅಷ್ಟೇ ಬಲಕ್ಕೆ ಹೆಚ್ಚು ಇಂಧನ ಬೇಡುತ್ತದೆ. ಹೊರಬೀಳುವ ಅನಿಲದ ಬಿಸಿ ಏರುತ್ತದೆ. ಆ ಏರಿಕೆಯನ್ನು ಪ್ರತಿ ಹಾರಾಟದಲ್ಲೂ ಗಮನಿಸುತ್ತಾರೆ. ಎಣ್ಣೆಯಲ್ಲಿ ಲೋಹದ ಚೂರುಗಳು ಬಂದಿವೆಯೇ ಎಂದು ಪರೀಕ್ಷಿಸುತ್ತಾರೆ. ತೆಳುವಾದ ದರ್ಶಕನಳಿಕೆಯನ್ನು ಒಳಗೆ ತೂರಿಸಿ, ಬಿಚ್ಚದೆಯೇ ಅಲಗುಗಳನ್ನು ನೋಡುತ್ತಾರೆ.

ಆದರೆ ಎಲ್ಲ ಭಾಗಗಳಿಗೂ ಈ ಸ್ವಾತಂತ್ರ್ಯವಿಲ್ಲ. ಅಲಗುಗಳನ್ನು ಹಿಡಿದಿರುವ ಭಾರವಾದ ತಟ್ಟೆಗಳು ಒಡೆದರೆ ಆ ಚೂರುಗಳನ್ನು ಎಂಜಿನ್ನಿನ ಹೊರಕವಚ ತಡೆಯಲಾರದು. ಅವುಗಳ ಆಯುಷ್ಯವನ್ನು ಎಣಿಸುವುದು ಗಂಟೆಗಳಿಂದಲ್ಲ, ಹಾರಾಟಗಳ ಸಂಖ್ಯೆಯಿಂದ. ಏಕೆಂದರೆ ಲೋಹವನ್ನು ದಣಿಸುವುದು ಪ್ರತಿ ಸಲವೂ ಪೂರ್ಣವೇಗಕ್ಕೇರಿ, ಕಾದು, ಮರಳಿ ತಣಿಯುವ ಕ್ರಿಯೆ. ಎಂಟು ಗಂಟೆಯ ಒಂದು ದೂರಪಯಣಕ್ಕಿಂತ ಒಂದೊಂದು ಗಂಟೆಯ ಎಂಟು ಪಯಣಗಳು ಈ ತಟ್ಟೆಗಳನ್ನು ಹೆಚ್ಚು ದಣಿಸುತ್ತವೆ. ಮಿತಿ ಮುಗಿದ ತಟ್ಟೆ ನೋಟಕ್ಕೆ ಹೊಸದರಂತಿದ್ದರೂ ಅದನ್ನು ತೆಗೆದುಹಾಕಲೇಬೇಕು.

ಈ ಎಣಿಕೆಯೊಂದೇ ಸಾಲದೆಂಬುದನ್ನು ಜಗತ್ತು 1989ರ ಜುಲೈ 19ರಂದು ಕಂಡಿತು. ಅಮೆರಿಕದ ಮೇಲೆ ಹಾರುತ್ತಿದ್ದ ಯುನೈಟೆಡ್ ಸಂಸ್ಥೆಯದೇ ಡಿಸಿ 10 ವಿಮಾನದ ಬಾಲದ ಎಂಜಿನ್ನಿನಲ್ಲಿ ಟೈಟಾನಿಯಂ ತಟ್ಟೆ ಸಿಡಿದು, ಚುಕ್ಕಾಣಿಯನ್ನು ನಡೆಸುವ ಎಣ್ಣೆಯ ಕೊಳವೆಗಳೆಲ್ಲ ಹರಿದವು. ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿತು. ಒಳಗಿದ್ದ 296 ಜನರಲ್ಲಿ 112 ಮಂದಿ ಅಸುನೀಗಿದರು. ಆ ತಟ್ಟೆಗೆ ನಿಗದಿಯಾಗಿದ್ದ ಮಿತಿ 18,000 ಹಾರಾಟಗಳು, ಒಡೆದದ್ದು 15,503ನೆಯದರಲ್ಲಿ. ಲೋಹವನ್ನು ಕರಗಿಸುವಾಗಲೇ ಒಳಸೇರಿದ್ದ ದೋಷವೊಂದು ಬಿರುಕಾಗಿ ಬೆಳೆದಿತ್ತು. ತಪಾಸಣೆಯವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹೀಗೆ ಇಂದಿನ ಎಂಜಿನ್ ಎಂಟು ವರ್ಷ ರೆಕ್ಕೆಯಲ್ಲೇ ಉಳಿಯುವುದು ಮೂರು ಆಧಾರಗಳ ಮೇಲೆ: ಉತ್ತಮ ಲೋಹ, ತಪ್ಪದ ಲೆಕ್ಕ, ಎಚ್ಚರದ ಕಣ್ಣು. ಮೊದಲಿನೆರಡು ಎಷ್ಟೇ ಮುಂದುವರಿದರೂ, ದೀಪ ಹಿಡಿದು ಬಿರುಕನ್ನು ಹುಡುಕುವ ಕೆಲಸಗಾರನ ಹೊಣೆ ಹಗುರವಾಗಿಲ್ಲವೆಂಬುದನ್ನು ನಾವು ಮರೆಯಲಾಗದು.