ಗಾಡಿ ನಡುಗ್ತದ ಸರಿ, ಯಾವಾಗ ನಡುಗ್ತದ?

ಹಳೇ ಗಾಡಿ ನಡುಗಲು ಶುರುವಾದರೆ ಮೊದಲು ಬದಲಾಗುವುದು ಟೈರು. ಆಮೇಲೆ ಎಂಜಿನ್ ಫೌಂಡೇಶನ್. ಅಷ್ಟರಲ್ಲಿ ಹದಿನೈದಿಪ್ಪತ್ತು ಸಾವಿರ ಕೈಬಿಟ್ಟಿರುತ್ತದೆ, ನಡುಕ ಮಾತ್ರ ಗಾಡಿಯನ್ನು ಬಿಟ್ಟಿರುವುದಿಲ್ಲ. ಕೊನೆಗೆ ಮನೆಯಲ್ಲಿ ಯಾರಾದರೊಬ್ಬರು ಅಂದೇಬಿಡುತ್ತಾರೆ: ‘ಮಾರಿಬಿಡ್ರಿ ಅತ್ಲಾಗ!’ ಯಾದಗಿರಿ, ಶಹಾಪುರ, ಸುರಪುರದ ಕಡೆ ಇಂಥ ಮಾತು ನಡೆಯುವ ಮನೆಗಳು ಬೇಕಾದಷ್ಟಿವೆ. ಅದರಲ್ಲಿ ನಮ್ಮದೂ ಒಂದು.

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ನಮ್ಮ ಎಸ್‌ಯುವಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಅಪ್ಪನಿಗೆ ಹೊಲಕ್ಕೂ ಅದೇ, ಲಗ್ನಕ್ಕೂ ಅದೇ, ಮೊಣಕಾಲು ನೋವಿನ ಅವ್ವನನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಗಟ್ಟಿಯಿದೆ ಅಂತ ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ನಡುಗುವ ಗಾಡಿಗೆ ಇಷ್ಟು ದುಡ್ಡು ಕಟ್ಟಬೇಕೋ, ಗುಜರಿಗೆ ಹಾಕಬೇಕೋ ಅನ್ನುವುದು ನಮ್ಮನೆಯ ಪ್ರಶ್ನೆಯಾಗಿತ್ತು. ಅಪ್ಪ ಐವತ್ತರ ಮೇಲೆ ಓಡಿಸುವುದನ್ನೇ ಬಿಟ್ಟಿದ್ದರು. ಅವ್ವ ಕಲಬುರಗಿಗೆ ಬಸ್ಸಿನಲ್ಲಿ ಹೋಗಿಬರತೊಡಗಿದ್ದಳು.

ಒಂದು ಗ್ಯಾರೇಜಿನಲ್ಲಿ ಫೌಂಡೇಶನ್ ಬದಲಾಗಿತ್ತು, ಇನ್ನೊಂದರಲ್ಲಿ ಹಿಂದಿನ ಎರಡು ಟೈರು. ನಾನು ರಜೆಗೆ ಬಂದಾಗ ಅಪ್ಪ ಹೇಳಿದ್ದು ಒಂದೇ ಮಾತು: ‘ಗಾಡಿ ನಡುಗ್ತದಪಾ.’ ಸಾಫ್ಟ್‌ವೇರ್ ಕೆಲಸದಲ್ಲಿ ನಮಗೂ ದಿನಾ ಇಂಥದ್ದೇ ದೂರು ಬರುತ್ತದೆ, ‘ಆ್ಯಪ್ ಓಡ್ತಿಲ್ಲ’ ಅಂತ. ಯಾವಾಗ, ಎಲ್ಲಿ, ಏನು ಮಾಡಿದಾಗ ಅಂತ ಗೊತ್ತಾಗದೆ ನಾವು ಒಂದು ಸಾಲೂ ಮುಟ್ಟುವುದಿಲ್ಲ. ಗಾಡಿಗೂ ಅದೇ ಕ್ರಮ ಸಾಕು.

ತಮ್ಮ ಸ್ಟೇರಿಂಗ್ ಹಿಡಿದ, ನಾನು ಪಕ್ಕದಲ್ಲಿ ಕೂತೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟ ದಾಟಿ ಸುರಪುರದ ಕಡೆ ಹೆದ್ದಾರಿ ಹಿಡಿದೆವು. ಬೆಳಗಿನ ಜಾವ, ರಸ್ತೆ ಖಾಲಿ. 70ರವರೆಗೆ ಏನೂ ಇಲ್ಲ. 75 ದಾಟಿದ ಮೇಲೆ ಸೀಟಿನಡಿ, ಕಾಲಡಿ ಜುಂ ಅನ್ನುವ ನಡುಕ. ಸ್ಟೇರಿಂಗ್ ಮಾತ್ರ ತಣ್ಣಗಿತ್ತು. ಇದೇ ಮೊದಲ ಸುಳಿವು. ಮುಂದಿನ ಚಕ್ರದ ತೊಂದರೆ ಸಾಮಾನ್ಯವಾಗಿ ಸ್ಟೇರಿಂಗಿಗೆ ಬರುತ್ತದೆ, ಹಿಂದಿನದ್ದು ಸೀಟಿಗೆ ಬರುತ್ತದೆ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಅಥವಾ ಡ್ರಮ್ ನೋಡಬೇಕು.

ಎರಡನೇ ಪರೀಕ್ಷೆಗೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, 80ರಲ್ಲಿ ಓಡುವಾಗ ಎಂಜಿನ್ ಎಷ್ಟು ತಿರುಗುತ್ತಿತ್ತೋ ಅಷ್ಟಕ್ಕೇ ರೇಸ್ ಮಾಡಿದೆವು. ನಡುಕವಿಲ್ಲ. ಮೂರನೆಯದು, ಅದೇ 80ರ ವೇಗ, ಒಮ್ಮೆ ನಾಲ್ಕನೇ ಗೇರು, ಒಮ್ಮೆ ಐದನೆಯದು. ಐದರಲ್ಲಿ ಎಂಜಿನ್ ನಿಧಾನವಾಗುತ್ತದೆ, ಆದರೆ ನಡುಕ ಬದಲಾಗಲಿಲ್ಲ. ನಾಲ್ಕನೆಯದು, 85ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟೆವು. ನಡುಕ ಹಾಗೇ ಇತ್ತು. (ಇದನ್ನು ನೇರವಾದ ಖಾಲಿ ರಸ್ತೆಯಲ್ಲಿ ಮಾತ್ರ ಮಾಡಿ. ಕೀಲಿ ಎಂದೂ ಬಂದ್ ಮಾಡಬೇಡಿ, ಸ್ಟೇರಿಂಗೂ ಬ್ರೇಕೂ ಬಿರುಸಾಗುತ್ತವೆ.) ಅಂದರೆ ದೋಷ ಎಂಜಿನ್ನಿನದ್ದಲ್ಲ, ಗಾಡಿಯ ವೇಗದ ಜೊತೆ ತಿರುಗುವ ಯಾವುದೋ ಭಾಗದ್ದು. ಉಳಿದದ್ದು ಎರಡೇ: ಹಿಂದಿನ ಚಕ್ರಗಳು, ಇಲ್ಲವೇ ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ಗೆ ಶಕ್ತಿ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್.

ಇವೆರಡನ್ನು ಬೇರೆ ಮಾಡಲು ಒಂದು ಲೆಕ್ಕ ಸಾಕು. ಇಂಥ ಗಾಡಿಯ ಚಕ್ರ ಒಂದು ಸುತ್ತಿಗೆ ಸುಮಾರು ಎರಡೂಕಾಲು ಮೀಟರ್ ಹೋಗುತ್ತದೆ. 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು. ಶಾಫ್ಟ್ ನಾಲ್ಕು ಸುತ್ತು ತಿರುಗಿದರೆ ಚಕ್ರ ಹೆಚ್ಚುಕಡಿಮೆ ಒಂದು ಸುತ್ತು ತಿರುಗುವಂತೆ ಹಲ್ಲು ಕೂಡಿಸಿರುತ್ತಾರೆ. ಹಾಗಾಗಿ ಶಾಫ್ಟಿಗೆ ಸೆಕೆಂಡಿಗೆ ಸುಮಾರು 40 ಸುತ್ತು. ಚಕ್ರದ ನಡುಕ ನಿಧಾನದ ಕುಲುಕಾಟ, ಶಾಫ್ಟಿನದು ದುಂಬಿ ಗುಂಯ್‌ಗುಟ್ಟಿದ ಹಾಗೆ. ಪರದೆ ಅಡ್ಡ-ಉದ್ದ ತಿರುಗಿಸಲಿಕ್ಕೆ ಬಳಸುವ ಕಂಪನ ಅಳೆಯುವ ಸೆನ್ಸರ್ ಎಲ್ಲರ ಮೊಬೈಲಿನಲ್ಲೂ ಇದೆ. ಅದರ ಅಂಕಿ ತೋರಿಸುವ ಉಚಿತ ಆ್ಯಪ್ ಹಾಕಿ, ಫೋನನ್ನು ಎರಡು ಸೀಟಿನ ನಡುವೆ ಟೇಪು ಹಚ್ಚಿ ಅಂಟಿಸಿದೆ. ಗ್ರಾಫಿನ ಎತ್ತರದ ಮೊನೆ ನಿಂತದ್ದು 40ರ ಹತ್ತಿರ.

ಫೌಂಡೇಶನ್ ಬದಲಿಸಿದವರನ್ನು ಬೈಯಬೇಕಿಲ್ಲ. ನಾಲ್ಕನೇ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಬರೀ ಕೈಗೆ, ಕಿವಿಗೆ ಎರಡೂ ಒಂದೇ ಥರ.

ಸುರಪುರದಲ್ಲಿ ಹಳೇ ಜೀಪು, ಟ್ರ್ಯಾಕ್ಟರ್ ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿಗೆ ಇಷ್ಟನ್ನು ಹೇಳಿದೆ. ಅವರು ಫೋನಿನ ಕಡೆ ನೋಡಲೇ ಇಲ್ಲ. ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಕೆಳಗೆ ಹೊಕ್ಕು, ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತಿರುವಿದರು. ಕಟಕ್ ಅಂತು. ‘ಕ್ರಾಸ್ ಹೋಗ್ಯಾದ ನೋಡ್ರಿ. ಗೇರ್ ಹಾಕಿ ಕ್ಲಚ್ ಬಿಡಬೇಕಾದ್ರ ಟಣ್ ಅಂತಿತ್ತಲ್ಲ?’ ಅಂದರು. ಹೌದು, ಅಂತಿತ್ತು. ಅದನ್ನು ಯಾರೂ ನಡುಕದ ಜೊತೆ ಸೇರಿಸಿ ನೋಡಿರಲಿಲ್ಲ. ಕ್ರಾಸಿನ ಬಟ್ಟಲಿನ ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿ ಸವೆದಾಗ ಬರುವ ಪುಡಿ ಅದು.

ಬಿಚ್ಚುವ ಮೊದಲು ಅವರು ಸುಣ್ಣದ ಕಡ್ಡಿಯಿಂದ ಶಾಫ್ಟಿನ ಮೇಲೂ ಅದು ಕೂಡುವ ಜಾಗದ ಮೇಲೂ ಗೆರೆ ಎಳೆದರು. ತಿರುಗಿ ಅದೇ ಗೆರೆಗೆ ಕೂಡಿಸದಿದ್ದರೆ ಹೊಸ ಕ್ರಾಸ್ ಹಾಕಿಯೂ ಗಾಡಿ ನಡುಗಬಹುದು. ಎರಡು ಕ್ರಾಸ್, ಗ್ರೀಸು, ಮಜೂರಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಹೋಗುವಾಗ ಅವರು ಹೇಳಿದ ಮಾತು ದುಡ್ಡಿನದ್ದಲ್ಲ: ‘ಇದು ಓಡಬೇಕಾದ್ರ ಮುರಿದು ಮುಂದಿನ ತುದಿ ರಸ್ತಾಕ್ಕ ಬಿದ್ದು ಚುಚ್ಚಿದ್ರ ಗಾಡಿ ಎತ್ತಿ ಒಗಿತದ್ರಿ.’ ಅಂಥ ಗಾಡಿಯಲ್ಲಿ ಅವ್ವ ಎಷ್ಟು ಸಲ ಕಲಬುರಗಿಗೆ ಹೋಗಿಬಂದಿದ್ದಾಳೆ ಅಂತ ನಾನು ಲೆಕ್ಕ ಹಾಕಲು ಹೋಗಲಿಲ್ಲ.

ನಮ್ಮ ಭಾಗದಲ್ಲಿ ಇದು ಬೇಗ ಸವೆಯಲು ಕಾರಣಗಳಿವೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಹೊಲದ ದಾರಿಯೆಲ್ಲ ಕೆಸರು. ನೀರು, ಮಣ್ಣು ಒಳಹೊಕ್ಕು ಗ್ರೀಸು ತೊಳೆದುಹೋಗುತ್ತದೆ. ಎರೆಮಣ್ಣು ರಿಮ್ಮಿನ ಒಳಗೆ ಒಂದೇ ಕಡೆ ಮೆತ್ತಿ ಒಣಗಿದರೆ, ನಿನ್ನೆ ಬ್ಯಾಲೆನ್ಸ್ ಮಾಡಿಸಿದ ಚಕ್ರವೂ ಇವತ್ತು ಕುಲುಕುತ್ತದೆ. ನಲವತ್ತು ಡಿಗ್ರಿ ದಾಟುವ ಬೇಸಿಗೆಗೆ ರಬ್ಬರ್ ಬುಷ್ ಬಿರುಕು ಬಿಡುತ್ತದೆ. ಭತ್ತ, ಹತ್ತಿಯ ಹೇರು ಹೊತ್ತು ಹಿಂದಿನ ಸ್ಪ್ರಿಂಗ್ ಕುಗ್ಗಿದರೆ ಶಾಫ್ಟಿನ ಕೋನವೇ ಬದಲಾಗುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ. ಯಾವ ವೇಗದಲ್ಲಿ ಶುರುವಾಗಿ ಯಾವುದರಲ್ಲಿ ನಿಲ್ಲುತ್ತದೆ? ಸ್ಟೇರಿಂಗಿಗೋ, ಸೀಟಿಗೋ? ನಿಂತಾಗಲೂ ಇದೆಯೋ? ಗೇರು ಬದಲಿಸಿದರೆ ಬದಲಾಗುತ್ತದೋ? ಬ್ರೇಕ್ ಒತ್ತಿದಾಗ ಏನಾಗುತ್ತದೆ? ಒಂದು ಸಲಕ್ಕೆ ಒಂದೇ ಭಾಗ ಬದಲಿಸಲು ಹೇಳಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಮೊದಲು ಪುಕ್ಕಟೆ ಕೆಲಸ: ರಿಮ್ ತೊಳೆಯುವುದು, ಗಾಳಿ ನೋಡುವುದು, ನಟ್ಟು ಬಿಗಿ ಮಾಡುವುದು. ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ಪ್ರತಿ ಸರ್ವಿಸಿಗೂ ಎದುರು ನಿಂತು ಗ್ರೀಸು ಹೊಡೆಸಿ.

ಎಸಿ ಹಾಕಿ ನಿಂತಾಗ ನಮ್ಮ ಗಾಡಿ ಇನ್ನೂ ಚೂರು ಅಲುಗುತ್ತದೆ. ಅದು ಬೇರೆ ರೋಗ, ಅವಸರವಿಲ್ಲ. ನವೀಕರಣದ 5,000 ರೂಪಾಯಿಯನ್ನು ಅಪ್ಪ ಕಟ್ಟಿಬಂದಿದ್ದಾರೆ.